ಜೊಳ್ಳಿನ ಗುಟ್ಟು

(ಹೈದರಾಬಾದಿನ ನಮ್ಮ ಕನ್ನಡ ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವ ಹೊಸ್ತಿಲಿಗೆ ಬಂದಿರುವಾಗ ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದನ್ನು ಬಿಟ್ಟು ಜೊಳ್ಳಿನ ವಿಷಯ ಹಿಡಿದು ನಿಂತಿರಲ್ಲ ಎಂದು ತಮ್ಮಲ್ಲಿ ಕೆಲವರು ಮುಗುಳ್ನಗುತ್ತಿರಬಹುದು. ಗಟ್ಟಿ ಕಾಳಿನಂಥ ಭಾಷಣಗಳನ್ನು ಈ ವೇದಿಕೆಯಿಂದ ಕೇಳಿದ ಕಿವಿಗಳು ತಮ್ಮವು. ಆದರೆ ಇಲ್ಲಿ ಕುಳಿತ ಅನೇಕರಿಗೆ ರಾಯಚೂರು, ಕಲಬುರಗಿ, ಬೀದರ, ಕೊಪ್ಪಳಗಳ ಸೀಮೆಯಲ್ಲಿ ಇಂದಿಗೂ ನಾಲ್ಕೆಕರೆ ಹೊಲವುಂಟು. 1956ರ ನವೆಂಬರ್ 1ರವರೆಗೆ ಆ ಸೀಮೆಯೂ ಈ ಊರೂ ಒಂದೇ ರಾಜ್ಯದಲ್ಲಿದ್ದವು. ಗೆರೆ ಬೇರೆಯಾಯಿತು, ಹೊಲದ ನಂಟು ಬೇರೆಯಾಗಲಿಲ್ಲ. ಸುಗ್ಗಿ ಮುಗಿದ ಮೇಲೆ ಊರಿನಿಂದ ಬರುವ ಅಕ್ಕಿಯ ಚೀಲ, ಜೋಳದ ಚೀಲ ನಮ್ಮನ್ನು ಇನ್ನೂ ಊರಿಗೆ ಕಟ್ಟಿಹಾಕಿವೆ. ಆ ಚೀಲ ಯಾಕೆ ಒಮ್ಮೊಮ್ಮೆ ಹಗುರವಾಗುತ್ತದೆ ಎಂಬುದೇ ಇಂದಿನ ವಿಷಯ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇವೆ. ಸಿಂಧನೂರು ತಾಲ್ಲೂಕಿನಲ್ಲಿ ಕಾಲುವೆ ನೀರಿಗೆ ಬರುವ ಸ್ವಲ್ಪ ಗದ್ದೆ ನಮಗಿದೆ. ಉಳುವವನು ನಮ್ಮ ತಮ್ಮ. ಕೆಲವು ವರ್ಷಗಳ ಹಿಂದೆ ಬೇಸಿಗೆ ಭತ್ತದ ಪಾಲು ಅರ್ಧಕ್ಕರ್ಧ ಕಡಿಮೆ ಬಂತು. ಪೈರು ಹಸಿರಾಗಿ ಎದೆಯೆತ್ತರ ನಿಂತ ಚಿತ್ರವನ್ನು ಅವನೇ ಮಾರ್ಚ್ ತಿಂಗಳಲ್ಲಿ ಕಳಿಸಿದ್ದ. ನೀರಿಗೆ ಕೊರತೆಯಿರಲಿಲ್ಲ, ಹುಳದ ಹಾವಳಿಯೂ ಇರಲಿಲ್ಲ. ಹಾಗಿದ್ದ ಮೇಲೆ ಭತ್ತ ಎಲ್ಲಿ ಹೋಯಿತು? ಫೋನಿನಲ್ಲಿ ನಾವು ಆಡಬಾರದ ಮಾತೊಂದನ್ನು ಆಡಿದೆವು. ಅವನು ಎದುರು ಮಾತಾಡಲಿಲ್ಲ. ಮುಂದೆ ಹಬ್ಬಕ್ಕೆ ಊರಿಗೆ ಹೋದಾಗ ಜಂತಿಗೆ ಸಿಕ್ಕಿಸಿಟ್ಟಿದ್ದ ಒಂದು ಹಿಡಿ ತೆನೆಯನ್ನು ಇಳಿಸಿ ನಮ್ಮ ಮುಂದಿಟ್ಟು, “ಅಣ್ಣಾ, ನಾ ಏನ್ ಹೇಳ್ಲಿ, ತೆನಿ ನೀನೇ ನೋಡು” ಎಂದ. ಸಸ್ಯಶಾಸ್ತ್ರವನ್ನು ಓದಿ, ಅದನ್ನೇ ಮಕ್ಕಳಿಗೆ ಹೇಳಿಕೊಟ್ಟು ಹೊಟ್ಟೆ ಹೊರೆದ ನಾವು ಆ ತೆನೆಯನ್ನು ನೋಡಿ ತಲೆ ತಗ್ಗಿಸಬೇಕಾಯಿತು. ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇವೆ. ಅದಕ್ಕೆ ಮುಂಚೆ ಕಾಳು ಹೇಗೆ ಕಟ್ಟುತ್ತದೆಂಬುದನ್ನು ಸ್ವಲ್ಪ ನೋಡೋಣ.

ನಮ್ಮ ಮಲೆನಾಡಿನಲ್ಲಿ ಆಶ್ವಯುಜದ ಹುಣ್ಣಿಮೆಗೆ ಭೂಮಿ ಹುಣ್ಣಿಮೆ ಎಂದು ಹೆಸರು. ಭತ್ತ ಹೊಡೆಗೆ ಬಂದಿರುವ ಕಾಲವದು. ಬಸುರಿ ಹೆಂಗಸಿಗೆ ಬಯಕೆಯ ಊಟ ಬಡಿಸುವಂತೆ, ಗರ್ಭ ಕಟ್ಟಿದ ಪೈರಿಗೆ ಬಗೆಬಗೆಯ ಅಡುಗೆ ಒಯ್ದು ಗದ್ದೆಗೆ ಬೀರಿ ಬರುತ್ತಾರೆ. ಇದನ್ನು ಬರಿಯ ಕಟ್ಟಳೆ ಎನ್ನುವವರುಂಟು. ಪೈರಿನ ಬಾಳಿನಲ್ಲಿ ಎಲ್ಲಕ್ಕಿಂತ ನಾಜೂಕಾದ ದಿನಗಳು ಯಾವುವೆಂದು ಇಂದಿನ ವಿಜ್ಞಾನಿಯನ್ನು ಕೇಳಿದರೂ ಅವನು ಅದೇ ಕಾಲವನ್ನು ಬೆರಳಿಟ್ಟು ತೋರಿಸುತ್ತಾನೆ: ತೆನೆ ಹೊಡೆಯೊಳಗಿರುವ ಕೊನೆಯ ಹತ್ತು ದಿನ, ಮತ್ತು ಹೂ ಬಿಡುವ ಐದಾರು ದಿನ.

ಭತ್ತದ ಹೂವನ್ನು ನೋಡಿದವರು ಕಡಿಮೆ. ಅದಕ್ಕೆ ಬಣ್ಣವಿಲ್ಲ, ಎಸಳಿಲ್ಲ, ಪರಿಮಳವಿಲ್ಲ. ಮುಂದೆ ಹೊಟ್ಟಾಗುವ ಎರಡು ಸಿಪ್ಪೆಗಳೇ ಅದರ ಕದಗಳು. ಒಳಗೆ ನಡುವೆ ಅಂಡಾಶಯ, ಅದರ ಮೇಲೆ ಗರಿಯಂಥ ಎರಡು ಶಲಾಕಾಗ್ರ, ಸುತ್ತ ಆರು ಕೇಸರ. ಕೇಸರದ ತುದಿಯಲ್ಲಿ ಪರಾಗಕೋಶವೆಂಬ ಪುಟ್ಟ ಚೀಲ, ಅದರೊಳಗೆ ಪರಾಗ. ಬೆಳಿಗ್ಗೆ ಒಂಬತ್ತು ಹತ್ತರಿಂದ ನಡುಹಗಲಿನೊಳಗೆ ಕದ ತೆರೆಯುತ್ತದೆ, ಪರಾಗಕೋಶ ಒಡೆಯುತ್ತದೆ, ಪರಾಗ ತನ್ನದೇ ಶಲಾಕಾಗ್ರದ ಮೇಲೆ ಉದುರುತ್ತದೆ. ಸುಮಾರು ಒಂದು ಗಂಟೆಯಲ್ಲಿ ಕದ ಮುಚ್ಚುತ್ತದೆ. ಒಂದು ಹೂವಿಗೆ ಅದು ಒಮ್ಮೆ ಮಾತ್ರ, ಮತ್ತೆ ತೆರೆಯುವುದಿಲ್ಲ. ಶಲಾಕಾಗ್ರದ ಮೇಲೆ ಬಿದ್ದ ಪರಾಗ ಮೊಳೆತು, ನೂಲಿನಂಥ ನಳಿಗೆಯನ್ನು ಅಂಡಾಶಯದವರೆಗೆ ಇಳಿಬಿಟ್ಟರೆ ಗರ್ಭಾಂಕುರವಾಗುತ್ತದೆ. ಅದಾದರೆ ಕಾಳು, ಇಲ್ಲವಾದರೆ ಜೊಳ್ಳು. ಆಮೇಲೆ ಎಷ್ಟು ನೀರು ಹಾಯಿಸಿದರೂ, ಎಷ್ಟು ಗೊಬ್ಬರ ಚೆಲ್ಲಿದರೂ ಆ ಸಿಪ್ಪೆಯೊಳಗೆ ಅಕ್ಕಿ ಬರುವುದಿಲ್ಲ.

ಈ ಪರಾಗವೆಂಬುದು ಎಷ್ಟು ಸುಕುಮಾರವಾದ ವಸ್ತು! ಒಂದು ಕಣದ ಅಗಲ ಮಿಲಿಮೀಟರಿನಲ್ಲಿ ಇಪ್ಪತ್ತೈದನೆಯ ಒಂದು ಪಾಲಿನಷ್ಟು. ಭತ್ತದ ಪರಾಗ ಹೊರಗೆ ಬಿದ್ದ ಮೇಲೆ ಜೀವ ಹಿಡಿದಿರುವುದು ಕೆಲವೇ ನಿಮಿಷ. ಅದು ಹುಟ್ಟುವುದು ತೆನೆ ಇನ್ನೂ ಹೊಡೆಯೊಳಗಿರುವಾಗ. ಪರಾಗಕೋಶದ ಒಳಗೋಡೆಯಲ್ಲಿ ಟಪೀಟಮ್ ಎಂಬ ಜೀವಕಣಗಳ ಪದರವೊಂದಿದೆ. ಅದನ್ನು ನಾವು ದಾದಿಯ ಪದರವೆಂದು ಕರೆಯೋಣ. ಎಳೆಯ ಪರಾಗಕ್ಕೆ ಸಕ್ಕರೆ ಉಣಿಸುವವಳು, ಅದಕ್ಕೆ ಹೊರಕವಚ ತೊಡಿಸುವವಳು ಈ ದಾದಿಯೇ. ತನ್ನ ಕೆಲಸ ಮುಗಿದ ಮೇಲೆ ಅವಳು ತಾನಾಗಿಯೇ ಕರಗಿಹೋಗುತ್ತಾಳೆ. ಆ ಕರಗುವಿಕೆಗೂ ಒಂದು ಹೊತ್ತಿದೆ. ಮುಂಚೆ ಕರಗಿದರೆ ಪರಾಗ ಉಪವಾಸ ಬೀಳುತ್ತದೆ. ತಡವಾಗಿ ಕರಗಿದರೂ ಪರಾಗ ಸರಿಯಾಗಿ ಬಲಿಯುವುದಿಲ್ಲ.

ಸೆಕೆ ಮೊದಲು ಹೊಡೆಯುವುದು ಈ ದಾದಿಯನ್ನು. ಹೊಡೆ ಕಟ್ಟಿದ ಕಾಲದಲ್ಲಿ ಉಷ್ಣಮಾನ ಮಿತಿಮೀರಿದರೆ ಅವಳ ಲಯ ತಪ್ಪುತ್ತದೆ. ಪರಾಗದ ತಾಯಿಕಣಗಳು ಒಡೆದು ನಾಲ್ಕಾಗುವ ಕ್ರಿಯೆಯೂ ಕೆಡುತ್ತದೆ. ಉಳಿದ ಪರಾಗಕ್ಕೂ ಪಿಷ್ಟದ ಬುತ್ತಿ ತುಂಬುವುದಿಲ್ಲ. ಬುತ್ತಿಯಿಲ್ಲದ ಪರಾಗ ನಳಿಗೆ ಇಳಿಬಿಡುವುದಾದರೂ ಯಾವ ಬಲದಿಂದ? ಇದನ್ನು ಕಣ್ಣಾರೆ ನೋಡುವುದು ಕಷ್ಟವಲ್ಲ. ಪರಾಗದ ಮೇಲೆ ಒಂದು ತೊಟ್ಟು ಅಯೋಡಿನ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಪಿಷ್ಟ ತುಂಬಿದ ಕಣಗಳು ದುಂಡಗೆ ಕಪ್ಪಾಗಿ ಕಾಣುತ್ತವೆ. ಬಡಕಲು ಕಣಗಳು ಹಳದಿಯಾಗಿಯೇ ಮುರುಟಿಕೊಂಡಿರುತ್ತವೆ. ಹೊರಗೆ ಪೈರು ಮಾತ್ರ ಹಚ್ಚಗೆ ನಗುತ್ತಿರುತ್ತದೆ. ನಮ್ಮ ತಮ್ಮ ಕಳಿಸಿದ ಚಿತ್ರದಲ್ಲಿ ನಾವು ಕಂಡದ್ದು ಆ ನಗುವನ್ನು.

ಸೆಕೆಯ ಎರಡನೆಯ ಪೆಟ್ಟು ಹೂ ತೆರೆಯುವ ಆ ಒಂದು ಗಂಟೆಯ ಮೇಲೆ. ಭತ್ತದ ಮಟ್ಟಿಗೆ ಇದೇ ದೊಡ್ಡ ಪೆಟ್ಟು. ಪರಾಗಕೋಶ ಒಡೆಯಬೇಕಾದರೆ ಒಳಗಿನ ಪರಾಗ ನೀರು ಹೀರಿ ಉಬ್ಬಬೇಕು. ಸುಡುಬಿಸಿಲಿನಲ್ಲಿ ಅದು ಉಬ್ಬುವುದಿಲ್ಲ, ಕೋಶ ಅರೆಬರೆ ಒಡೆಯುತ್ತದೆ, ಶಲಾಕಾಗ್ರದ ಮೇಲೆ ಬೀಳುವ ಪರಾಗ ಎಣಿಕೆಗೆ ಸಿಗುವಷ್ಟಾಗುತ್ತದೆ. ಹತ್ತಾದರೂ ಕಣಗಳು ಮೊಳೆಯದಿದ್ದರೆ ಕಾಳು ಕಟ್ಟುವ ಭರವಸೆಯಿಲ್ಲ. ಹೂವಿನ ಮೈಯ ಶಾಖ 33.7 ಡಿಗ್ರಿ ಸೆಂಟಿಗ್ರೇಡಿಗೆ ಏರಿ ಒಂದು ಗಂಟೆಯೊಳಗೇ ಜೊಳ್ಳು ಶುರುವಾಗಬಹುದೆಂದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ರಾಯಚೂರಿನ ಏಪ್ರಿಲ್ ಬಿಸಿಲನ್ನು ಬಲ್ಲವರಿಗೆ ಈ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಪ್ಪು ಗಂಡಿನದೋ ಹೆಣ್ಣಿನದೋ ಎಂಬ ಪ್ರಶ್ನೆ ಇಲ್ಲಿಯೂ ಎದ್ದಿತು. ಮನುಷ್ಯರ ಲೋಕದಲ್ಲಿ ಮಕ್ಕಳಾಗದಿದ್ದರೆ ವಿಚಾರಿಸದೆ ಹೆಣ್ಣಿನ ಮೇಲೆ ಹೊರಿಸುವುದುಂಟು. ಸಸ್ಯಶಾಸ್ತ್ರಜ್ಞರು ವಿಚಾರಿಸಿಯೇ ತೀರ್ಪು ಕೊಟ್ಟರು. ಫಿಲಿಪೀನ್ಸಿನ ಲಾಸ್ ಬಾನ್ಯೋಸಿನಲ್ಲಿ 1960ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ, ಬಿಸಿಯಲ್ಲಿಟ್ಟ ಗಿಡದ ಶಲಾಕಾಗ್ರಕ್ಕೆ ತಂಪಿನಲ್ಲಿ ಬೆಳೆದ ಗಿಡದ ಪರಾಗವನ್ನು ಉದುರಿಸಿ ನೋಡಿದರು. ಕಾಳು ಕಟ್ಟಿತು! ಭತ್ತದಲ್ಲಿ ಸೋತದ್ದು ಪರಾಗವೆಂಬುದು ಹೀಗೆ ನಿಶ್ಚಯವಾಯಿತು. ಎಲ್ಲ ಧಾನ್ಯಗಳಿಗೂ ಇದೇ ತೀರ್ಪು ಸಲ್ಲದು. ಗೋಧಿಯಲ್ಲಿ ಅಂಡಕ್ಕೂ ಪೆಟ್ಟು ತಗಲುತ್ತದೆ. ಸಜ್ಜೆಯಲ್ಲಿ ಶಲಾಕಾಗ್ರ ಮೊದಲು ಹೊರಬಂದು ಪರಾಗಕ್ಕಾಗಿ ಬಿಸಿಲಲ್ಲಿ ಕಾದು ನಿಲ್ಲುವುದರಿಂದ ಅದೇ ಹೆಚ್ಚು ಬಾಡುತ್ತದೆ.

ಪರಾಗ ಬಿಸಿಗೆ ಅಂಜುತ್ತದೆಂಬುದು ತಳಿಗಾರರಿಗೆ ಹೊಸ ಸಂಗತಿಯೂ ಅಲ್ಲ. 1930ರ ದಶಕದಿಂದಲೇ ಅವರು ಈ ಅಂಜಿಕೆಯನ್ನು ಕೆಲಸಕ್ಕೆ ಬಳಸಿಕೊಂಡಿದ್ದಾರೆ. ಎರಡು ತಳಿಗಳನ್ನು ಕೂಡಿಸಬೇಕಾದರೆ ತಾಯಿಗಿಡದ ಸ್ವಂತ ಪರಾಗವನ್ನು ಮೊದಲು ಇಲ್ಲವಾಗಿಸಬೇಕು. ಅಷ್ಟು ಸಣ್ಣ ಹೂವಿನಿಂದ ಕೇಸರಗಳನ್ನು ಚಿಮಟದಲ್ಲಿ ಕೀಳುವುದು ಬಲು ತ್ರಾಸದ ಕೆಲಸ. ಆದುದರಿಂದ ಅವರು ಭತ್ತದ ತೆನೆಯನ್ನು ಸುಮಾರು 43 ಡಿಗ್ರಿ ಬಿಸಿಯ ನೀರಿನಲ್ಲಿ ಐದು ಹತ್ತು ನಿಮಿಷ ಅದ್ದಿ ಹಿಡಿಯುತ್ತಿದ್ದರು. ಪರಾಗ ಸಾಯುತ್ತದೆ, ಅಂಡಾಶಯ ಉಳಿಯುತ್ತದೆ. ತಳಿಗಾರ ಒಂದು ತೆನೆಗೆ ಬೇಕೆಂದು ಮಾಡುತ್ತಿದ್ದುದನ್ನು ಇಂದು ಬಿಸಿಗಾಳಿ ಊರಿಗೂರಿಗೇ ಬೇಡದೆ ಮಾಡುತ್ತಿದೆ. ವ್ಯತ್ಯಾಸವಿಷ್ಟೆ: ತಳಿಗಾರ ಆಮೇಲೆ ಬೇರೆ ಪರಾಗ ತಂದು ಉದುರಿಸುತ್ತಿದ್ದ, ಬಿಸಿಗಾಳಿ ಹಾಗೆ ಮಾಡುವುದಿಲ್ಲ.

ಇಲ್ಲಿ ನಮ್ಮ ಹಿರಿಯರ ಬೆಳೆಗಳನ್ನು ನೆನೆಯಬೇಕು. ರಾಗಿಯೂ ಜೋಳವೂ ಹೂ ತೆರೆಯುವುದು ನಡುರಾತ್ರಿ ಕಳೆದು ಬೆಳಗಾಗುವ ಹೊತ್ತಿನಲ್ಲಿ. ನಡುಹಗಲ ಬಿಸಿಲು ಏರುವ ಹೊತ್ತಿಗೆ ಅವುಗಳ ಮದುವೆ ಮುಗಿದಿರುತ್ತದೆ. ಹಿಂಗಾರಿ ಜೋಳವನ್ನಂತೂ ಹಸ್ತ ಚಿತ್ತ ಮಳೆಗಳ ಆಸುಪಾಸಿನಲ್ಲಿ ಬಿತ್ತಿ, ಚಳಿಗಾಲದಲ್ಲಿ ತೆನೆ ಹೊರಡುವಂತೆ ಲೆಕ್ಕ ಹಾಕಿದ್ದರು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡು ಬಂದ ನೆನಪು ತಮ್ಮಲ್ಲಿ ಎಷ್ಟೋ ಜನಕ್ಕಿದೆ. ಬೇಸಿಗೆ ಭತ್ತದ ಲೆಕ್ಕ ಬೇರೆ. ಹಗಲು ಹೊತ್ತು ಹೂ ಬಿಡುವ ಬೆಳೆಯನ್ನು ಕಾಲುವೆಯ ನೀರಿನ ಧೈರ್ಯದ ಮೇಲೆ ಚೈತ್ರದ ಬಿಸಿಲಿಗೆ ತಂದು ನಿಲ್ಲಿಸಿದವರು ನಾವೇ. ಜೋಳಕ್ಕೂ ಅಭಯವಿದೆಯೆಂದು ಅಲ್ಲ. ಹೂವಿಗೆ ಹತ್ತು ದಿನ ಮುಂಚಿನಿಂದ ಐದು ದಿನ ಮುಂಚಿನವರೆಗೆ, ಮತ್ತು ಹೂ ಬಿಟ್ಟ ಐದು ದಿನ, ಹೀಗೆ ಎರಡು ಕಂಡಿಗಳಲ್ಲಿ ಅದೂ ಸೆಕೆಗೆ ಸಿಕ್ಕಿಬೀಳುತ್ತದೆ.

ಉತ್ತರದ ಗೋಧಿಯ ಸಂಗತಿ ಎಲ್ಲರಿಗೂ ನೆನಪಿರಬೇಕು. 2022ರ ಮಾರ್ಚ್ ತಿಂಗಳು, 1901ರಿಂದ ಲೆಕ್ಕವಿಟ್ಟ ಅಲ್ಲಿಯವರೆಗಿನ ಮಾರ್ಚುಗಳಲ್ಲೆಲ್ಲ ಅತಿ ಬಿಸಿಯದೆಂದು ಹವಾಮಾನ ಇಲಾಖೆ ಹೇಳಿತು. ಆ ವರ್ಷ ಫೆಬ್ರವರಿಯಲ್ಲಿ 11 ಕೋಟಿ 13 ಲಕ್ಷ ಟನ್ನು ಗೋಧಿ ಬರಬಹುದೆಂದು ಸರ್ಕಾರ ಅಂದಾಜು ಮಾಡಿತ್ತು. ಮೇ ತಿಂಗಳಲ್ಲಿ ಅದನ್ನು 10 ಕೋಟಿ 64 ಲಕ್ಷಕ್ಕೆ ಇಳಿಸಿತು. ಮೇ 13ರಂದು ಗೋಧಿಯ ರಫ್ತನ್ನು ನಿಲ್ಲಿಸಿತು. ಆದರೆ ಅಲ್ಲಿ ಆದದ್ದು ಬಹುಮಟ್ಟಿಗೆ ಜೊಳ್ಳಲ್ಲ. ಹೂವು ಮುಗಿದು ಕಾಳು ಹಾಲು ತುಂಬುವಾಗ ಸೆಕೆ ಬಂದುದರಿಂದ ಕಾಳು ಸೊರಗಿ ಸುಕ್ಕಾಯಿತು. ಈ ಎರಡರ ಭೇದವನ್ನು ತಿಳಿಯುವುದು ಬಹಳ ಸುಲಭ. ಸಿಪ್ಪೆಯನ್ನು ಉಗುರಿನಿಂದ ಬಿಡಿಸಿ ನೋಡಿರಿ. ಒಳಗೆ ಸುಕ್ಕುಗಟ್ಟಿದ ಸಣ್ಣ ಕಾಳಿದ್ದರೆ, ಗರ್ಭ ನಿಂತು ಆಮೇಲೆ ಊಟ ಸಾಲದಾಯಿತೆಂದು ಅರ್ಥ. ಕಾಳಿನ ಕುರುಹೇ ಇಲ್ಲದಿದ್ದರೆ ಗರ್ಭವೇ ನಿಲ್ಲಲಿಲ್ಲ.

ಪರಿಹಾರವೇನು ಎಂದು ತಾವು ಕೇಳುವಿರಿ. ವಿಜ್ಞಾನಿಗಳು ಸುಮ್ಮನೆ ಕುಳಿತಿಲ್ಲ. ಉತ್ತರ ಪ್ರದೇಶದ ನಗೀನಾ ಎಂಬ ಊರಿನ ಹೆಸರು ಹೊತ್ತ ನಗೀನಾ 22 ಎಂಬ ಹಳೆಯ ಭತ್ತದ ತಳಿ, ಬೇರೆ ತಳಿಗಳು ಜೊಳ್ಳಾಗುವ ಬಿಸಿಯಲ್ಲಿಯೂ ಕಾಳು ಕಟ್ಟುತ್ತದೆ. ಆ ಗುಣವನ್ನು ಹೊಸ ತಳಿಗಳಿಗೆ ತರುವ ಪ್ರಯತ್ನ ನಡೆದಿದೆ. ಇನ್ನೊಂದು ಉಪಾಯ ಇನ್ನೂ ಸೊಗಸಾದುದು. ಕಾಡುಭತ್ತದ ಒಂದು ಜಾತಿ ಬೆಳಗಿನ ತಂಪಿನಲ್ಲೇ ಹೂ ತೆರೆಯುತ್ತದೆ. ಆ ಗುಣವನ್ನು ನಾಡಭತ್ತಕ್ಕೆ ಕೂಡಿಸಿ, ಒಂದೂವರೆ ಎರಡು ಗಂಟೆ ಮುಂಚೆ ಹೂ ಬಿಡುವ ಗಿಡಗಳನ್ನು ಪಡೆದಿದ್ದಾರೆ. ಬಿಸಿಲನ್ನು ಎದುರಿಸಲಾರದವನು ಬೆಳಿಗ್ಗೆ ಬೇಗನೆ ಎದ್ದು ಕೆಲಸ ಮುಗಿಸಿದಂತೆ! ನಾವು ವಾಸವಾಗಿರುವ ಈ ಊರಿನ ನೆರೆಯಲ್ಲೇ, ಪಟಾನ್‌ಚೆರುವಿನಲ್ಲಿ, 1972ರಿಂದ ಇರುವ ಇಕ್ರಿಸ್ಯಾಟ್ ಸಂಸ್ಥೆಯವರು 42 ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಕಾಳು ಕಟ್ಟುವ ಸಜ್ಜೆಯ ತಳಿಗಳನ್ನು ಗುರುತಿಸಿದ್ದಾರೆ. ರಾಜೇಂದ್ರನಗರದಲ್ಲಿ ಭತ್ತದ ಸಂಶೋಧನಾ ಸಂಸ್ಥೆಯೂ ಸಿರಿಧಾನ್ಯಗಳ ಸಂಶೋಧನಾ ಸಂಸ್ಥೆಯೂ ಇವೆ. ನಮ್ಮ ಮಕ್ಕಳಲ್ಲಿ ಯಾರಿಗಾದರೂ ಈ ದಾರಿ ಹಿಡಿಯುವ ಮನಸ್ಸು ಬಂದರೆ ದೂರ ಹೋಗಬೇಕಾಗಿಲ್ಲ.

ರೈತ ತನ್ನ ಕೈಯಲ್ಲೇ ಮಾಡಬಹುದಾದುದೂ ಉಂಟು. ಮೊದಲನೆಯದು ತೇದಿಯ ಲೆಕ್ಕ. ತಳಿ ಎಷ್ಟು ದಿನಕ್ಕೆ ಹೂವಿಗೆ ಬರುತ್ತದೆಂದು ತಿಳಿದು, ಹೂವಿನ ವಾರ ಕಡುಬಿಸಿಲಿಗೆ ಮುಂಚೆ ಬೀಳುವಂತೆ ಸಸಿ ಹಾಕಬೇಕು. ಕಾಲುವೆಗೆ ನೀರು ತಡವಾಗಿ ಬಂದರೆ ಬೇಗನೆ ಮಾಗುವ ತಳಿ ಆರಿಸಬೇಕು. ಎರಡನೆಯದು ನೀರು. ಹವೆ ಒಣಗಿದ್ದು ಬೇರಿಗೆ ನೀರು ಸಾಕಷ್ಟಿದ್ದರೆ ಗಿಡ ಬೆವರಿ ತನ್ನ ಮೈಯನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ಆಸ್ಟ್ರೇಲಿಯದ ರಿವರೀನಾ ಎಂಬ ಒಣ ಸೀಮೆಯಲ್ಲಿ ಭತ್ತದ ತೆನೆ ಸುತ್ತಲ ಹವೆಗಿಂತ ಆರೇಳು ಡಿಗ್ರಿ ತಂಪಾಗಿರುವುದನ್ನು ಅಳೆದು ನೋಡಿದ್ದಾರೆ. ನಮ್ಮ ಬಯಲುಸೀಮೆಯ ಬಿಸಿಲೂ ಒಣಬಿಸಿಲೇ. ಆದುದರಿಂದ ಹೂವಿನ ವಾರದಲ್ಲಿ ಗದ್ದೆ ಒಣಗಲು ಬಿಡಬಾರದು. ಮೂರನೆಯದು, ಇದ್ದ ಗದ್ದೆಯನ್ನೆಲ್ಲ ಒಂದೇ ತಳಿಗೆ, ಒಂದೇ ತೇದಿಗೆ ಒಪ್ಪಿಸದಿರುವುದು. ಎರಡು ತೇದಿಗೆ ನಾಟಿ ಮಾಡಿದವನಿಗೆ ಒಂದು ವಾರದ ಬಿಸಿಗಾಳಿಯಿಂದ ಎಲ್ಲವೂ ಹೋಗುವುದಿಲ್ಲ. ಇಷ್ಟೆಲ್ಲ ಮಾಡಿದರೂ ಕೆಲವು ವರ್ಷ ಸೆಕೆಯೇ ಗೆಲ್ಲುತ್ತದೆ. ಅದನ್ನು ಮರೆಮಾಚಿ ಹೇಳುವುದು ಸರಿಯಲ್ಲ.

ಈಗ ನಮ್ಮ ತಮ್ಮನ ತೆನೆಗೆ ಬರೋಣ. ಭತ್ತದ ತೆನೆಯ ಹೂಗಳೆಲ್ಲ ಒಂದೇ ದಿನ ತೆರೆಯುವುದಿಲ್ಲ. ತುದಿಯಿಂದ ಶುರುವಾಗಿ ದಿನದಿನಕ್ಕೆ ಕೆಳಗಿಳಿಯುತ್ತ ಐದರಿಂದ ಏಳು ದಿನಗಳಲ್ಲಿ ಮುಗಿಯುತ್ತವೆ. ಹಾಗಾಗಿ ತೆನೆಯೆಂಬುದು ಒಂದು ದಿನಚರಿ. ಕಾಂಡಕೊರಕ ಹುಳ ಬಿದ್ದಿದ್ದರೆ ಇಡೀ ತೆನೆ ಬೆಳ್ಳಗಾಗಿ, ಎಳೆದರೆ ಕಿತ್ತು ಬರುತ್ತದೆ. ನಮ್ಮ ಮುಂದಿದ್ದ ತೆನೆಗಳು ಹಾಗಿರಲಿಲ್ಲ. ತುದಿಯಲ್ಲಿ ಗಟ್ಟಿ ಕಾಳು, ಬುಡದ ಕಡೆಗೂ ಗಟ್ಟಿ ಕಾಳು. ನಡುವೆ ಮಾತ್ರ ಒಂದು ಪಟ್ಟಿಯಂತೆ ಬರಿಯ ಜೊಳ್ಳು. ಉಗುರಿನಿಂದ ಬಿಡಿಸಿದರೆ ಕಾಳಿನ ಕುರುಹಿಲ್ಲ. ಒಂದೊಂದು ತೆನೆಯಲ್ಲೂ ಅದೇ ಕಥೆ. ಆ ವಾರದ ನಡುವೆ ಎರಡು ಮೂರು ದಿನ ಬೆಂಕಿಯಂಥ ಗಾಳಿ ಬೀಸಿತ್ತೆಂದು ಅವನು ಆಗಲೇ ಹೇಳಿದ್ದ. ನಾವು ಅದನ್ನು ನೆಪವೆಂದು ತಿಳಿದಿದ್ದೆವು. ಆ ಎರಡು ಮೂರು ದಿನ ತೆನೆಯಲ್ಲಿ ಬರೆದಿಟ್ಟಂತೆ ಉಳಿದಿದ್ದವು. ಸಾಕ್ಷಿ ಇಷ್ಟು ಸ್ಪಷ್ಟವಾಗಿರುವುದು ಕೋರ್ಟಿನಲ್ಲಿಯೂ ಅಪರೂಪ. “ತಪ್ಪಾಯ್ತಪ್ಪ” ಎಂದೆವು. ಅವನು, “ಇರ್ಲಿ ಬಿಡಣ್ಣ, ಊಟಕ್ಕೇಳು” ಎಂದ.

ಸೋದರ ಸೋದರಿಯರೆ, ದೂರದ ಊರಿನಲ್ಲಿ ಕುಳಿತ ನಮಗೆ ಹೊಲ ಕಾಣುವುದು ಚೀಲದ ಲೆಕ್ಕದಲ್ಲಿ. ಲೆಕ್ಕ ತಪ್ಪಿದಾಗ ಮನಸ್ಸು ಮೊದಲು ಮನುಷ್ಯನನ್ನು ಅನುಮಾನಿಸುತ್ತದೆ: ತಮ್ಮನನ್ನು, ಭಾವನನ್ನು, ಪಾಲಿಗೆ ಮಾಡುವವನನ್ನು, ಬೀಜ ಮಾರಿದವನನ್ನು. ಕೆಲವು ಸಲ ಅನುಮಾನ ನಿಜವೂ ಆಗಬಹುದು. ಆದರೆ ವಿಚಾರಿಸುವ ಮುಂಚೆ ಎರಡು ತೆನೆ ತರಿಸಿಕೊಂಡು ನೋಡಿರಿ. ಇಂದು ಅದರ ಚಿತ್ರ ತರಿಸಿಕೊಳ್ಳಲು ಒಂದು ನಿಮಿಷ ಸಾಕು. ಹೊಲವನ್ನು ಇಂತಿಷ್ಟು ಚೀಲಕ್ಕೆಂದು ಲಾವಣಿಗೆ ಕೊಟ್ಟವರು ತಮ್ಮಲ್ಲಿದ್ದರೆ ಅವರಲ್ಲಿ ಒಂದು ವಿನಂತಿ. ಆ ಕರಾರಿನಲ್ಲಿ ಬಿಸಿಗಾಳಿಯ ನಷ್ಟವೆಲ್ಲ ಉಳುವವನ ತಲೆಗೇ ಕಟ್ಟಿರುತ್ತದೆ. ಪರಾಗ ಸತ್ತದ್ದು ಅವನ ಸೋಮಾರಿತನದಿಂದಲ್ಲವೆಂದು ತೆನೆ ಹೇಳಿದರೆ, ಆ ವರ್ಷ ಎರಡು ಚೀಲ ಬಿಟ್ಟುಕೊಡಿರಿ. ಉಳುವವನು ಸೋತು ಕೈಬಿಟ್ಟರೆ ಬೀಳುಬೀಳುವುದು ನಮ್ಮ ಹೊಲವೇ.

ಮತ್ತೊಂದು ಮಾತು. ಊರಿಗೆ ನಾವು ಫೋನು ಮಾಡುವುದು ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ, ಸುಗ್ಗಿ ಮುಗಿದ ಮೇಲೆ ಲೆಕ್ಕಕ್ಕೆ. ಇನ್ನು ಮೇಲೆ ಪೈರು ಹೊಡೆಗೆ ಬಂದ ವಾರವೂ ಒಮ್ಮೆ ಮಾಡೋಣ. ಬಸುರಿ ಮಗಳ ಯೋಗಕ್ಷೇಮ ಕೇಳುವಂತೆ, “ಹೂವಿನ ಹೊತ್ತಿಗೆ ಬಿಸಿಲು ಹೇಗಿದೆ, ಗದ್ದೆಯಲ್ಲಿ ನೀರಿದೆಯೆ?” ಎಂದು ಕೇಳೋಣ. ಕೇಳಿದ ಮಾತ್ರಕ್ಕೆ ಸೆಕೆ ಇಳಿಯುವುದಿಲ್ಲ. ಆದರೆ ಚೀಲ ಹಗುರವಾಗಿ ಬಂದ ದಿನ ಅಣ್ಣತಮ್ಮಂದಿರ ನಡುವೆ ಆಡಬಾರದ ಮಾತೊಂದು ಉಳಿದುಹೋಗುತ್ತದೆ. ನಾವು ಕಲಿತದ್ದು ಇಷ್ಟು. ತಾವು ತಪ್ಪು ಮಾಡದೆಯೇ ಕಲಿಯಲೆಂದು ಹೇಳಿದೆವು.